ಬಿ.ಎಚ್. ರಸ್ತೆ ಹಿಡಿದು ಹೊನ್ನಾವರಕ್ಕೆ: ಮಕ್ಕಳ ಜೊತೆ ಜೆಲ್ಲಿ ಫಿಶ್ ನೋಡಲು ಹೊರಡುವವರಿಗೆ

ತುಮಕೂರಿನವರು ದಿನಾ ಬಿ.ಎಚ್. ರಸ್ತೆಯಲ್ಲಿ ಓಡಾಡುತ್ತೇವೆ. ಆ ‘ಬಿ’ ಅಂದರೆ ಬೆಂಗಳೂರು, ‘ಎಚ್’ ಅಂದರೆ ಹೊನ್ನಾವರ ಅಂತ ಹೇಳಿದಾಗ ಅಕ್ಕನ ಮಗಳು ನಂಬಲೇ ಇಲ್ಲ. “ಹಾಗಾದ್ರೆ ಇದೇ ರಸ್ತೇಲಿ ಹೋದ್ರೆ ಸಮುದ್ರ ಸಿಗುತ್ತಾ?” ಅಂದಳು. ದಸರಾ ರಜೆಯಲ್ಲಿ ಅವಳನ್ನೂ ಅವಳ ತಮ್ಮನನ್ನೂ ಕೂರಿಸಿಕೊಂಡು ಹೊರಟೇಬಿಟ್ಟೆವು.

ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ. ಸುಮಾರು 350 ಕಿ.ಮೀ. ಬೆಳಗ್ಗೆ 5ಕ್ಕೆ ಬಿಟ್ಟರೆ ಊಟ, ಕಾಫಿ ಎಲ್ಲ ಸೇರಿ ಸಂಜೆಯೊಳಗೆ ತಲುಪಬಹುದು. ಗೇರುಸೊಪ್ಪೆ ಘಾಟಿಯಲ್ಲಿ ತಿರುವು ಜಾಸ್ತಿ. ಅಲ್ಲಿಗೆ ಮುಂಚೆ ಮಕ್ಕಳಿಗೆ ಹೊಟ್ಟೆ ತುಂಬಾ ತಿನ್ನಿಸಬೇಡಿ. ಕಾರು ಬೇಡ ಅನ್ನುವವರಿಗೆ ತುಮಕೂರಿನ ಮೇಲೆಯೇ ಹೋಗುವ ತಾಳಗುಪ್ಪ ರೈಲಿದೆ, ಅಲ್ಲಿಂದ ಮುಂದೆ ಬಸ್ಸು.

ನಾವು ಇಳಿದುಕೊಂಡದ್ದು ಶರಾವತಿ ಸೇತುವೆ ದಾಟಿದರೆ ಸಿಗುವ ಕಾಸರಕೋಡಿನ ಹತ್ತಿರ. ಅಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ, ಅಂದರೆ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು, ಸಿಕ್ಕಿದೆ. ಮಕ್ಕಳ ಜೊತೆ ಹೋಗುವವರಿಗೆ ಒಳ್ಳೆಯ ಜಾಗ.

ಮೊದಲ ಸಂಜೆಯೇ ಎಡವಟ್ಟಾಯಿತು. ಮರಳಿನ ಮೇಲೆ ತಟ್ಟೆ ಇಡ್ಲಿಯಷ್ಟು ಅಗಲದ ಒಂದು ಲೋಳೆ ಮುದ್ದೆ ಬಿದ್ದಿತ್ತು. ಮೇಲೆ ಕಂದು ಗೆರೆಗಳು, ಅಂಚಿನಲ್ಲಿ ಎಳೆ ಎಳೆಯಾಗಿ ದಾರದಂಥದ್ದು. ಅರ್ಧ ಒಣಗಿತ್ತು. ಸತ್ತಿದೆ ಅಂತ ನಾನೂ ಸುಮ್ಮನಿದ್ದೆ. ಹುಡುಗಿ ಬೆರಳಲ್ಲಿ ದಾರ ಎತ್ತಿದಳು, ಮರುಕ್ಷಣವೇ ಚೀರಿದಳು. ನಾನು ಗಾಬರಿಯಲ್ಲಿ ಬಾಟಲಿಯ ಕುಡಿಯುವ ನೀರು ಸುರಿದೆ. ಉರಿ ಇನ್ನೂ ಹೆಚ್ಚಾಯಿತು. ಪಕ್ಕದಲ್ಲಿದ್ದವರೊಬ್ಬರು ಮರಳು ಹಾಕಿ ಉಜ್ಜಿ ಅಂದರು. ಅದೂ ತಪ್ಪೇ.

ಯಾಕೆ ತಪ್ಪು ಅಂತ ಗೊತ್ತಿದ್ದರೆ ನೆನಪಿರುತ್ತದೆ. ಜೆಲ್ಲಿ ಫಿಶ್ ಮೀನೇ ಅಲ್ಲ. ಅದಕ್ಕೆ ಮೂಳೆ, ಹೃದಯ, ಮೆದುಳು ಯಾವುದೂ ಇಲ್ಲ, ಮೈಯೆಲ್ಲ ಹೆಚ್ಚುಕಡಿಮೆ ನೀರೇ. ಆದರೆ ಆ ದಾರಗಳ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿರುತ್ತವೆ. ಒಂದೊಂದರಲ್ಲೂ ಸುರುಳಿ ಸುತ್ತಿದ ವಿಷದ ಮುಳ್ಳು. ತಾಗಿದರೆ ಸಾಕು, ಸಿಡಿಯುತ್ತದೆ. ಪ್ರಾಣಿ ಬದುಕಿರಬೇಕು ಅಂತಿಲ್ಲ, ತುಂಡಾಗಿ ಬಿದ್ದ ದಾರವೂ ಚುಚ್ಚುತ್ತದೆ. ಸಿಹಿನೀರು ಬಿದ್ದರೆ, ಉಜ್ಜಿದರೆ, ಇನ್ನೂ ಸಿಡಿಯದೆ ಉಳಿದ ಚೀಲಗಳೂ ಸಿಡಿಯುತ್ತವೆ. ಮೂತ್ರ ಹಾಕಿ ಅನ್ನುವ ಮಾತನ್ನಂತೂ ಕೇಳಲೇಬೇಡಿ.

ಮಾಡಬೇಕಾದದ್ದು ಇಷ್ಟು. ಮಗುವನ್ನು ನೀರಿನಿಂದ ಹೊರಗೆ ತನ್ನಿ. ಸಮುದ್ರದ ನೀರಿನಿಂದಲೇ ತೊಳೆಯಿರಿ. ಅಂಟಿದ ದಾರವನ್ನು ಚಿಮಟದಲ್ಲಿ ತೆಗೆಯಿರಿ, ಬರಿಗೈಯಲ್ಲಿ ಬೇಡ. ಆಮೇಲೆ 45 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ಆ ಭಾಗವನ್ನು ಕನಿಷ್ಠ 20 ನಿಮಿಷ ಅದ್ದಿಡಿ. ದೊಡ್ಡವರು ಮೊದಲು ತಮ್ಮ ಕೈ ಇಟ್ಟು ನೋಡಬೇಕು. ತಡೆಯುವಷ್ಟು ಬಿಸಿ ಇರಬೇಕು, ಸುಡಬಾರದು. ನಮ್ಮ ಹುಡುಗಿಗೆ ನಿಜವಾಗಿ ಆರಾಮ ಕೊಟ್ಟದ್ದು ಈ ಬಿಸಿನೀರೇ. ವಿನೆಗರ್ ಕೆಲವು ಜಾತಿಗೆ ಒಳ್ಳೆಯದು, ಕೆಲವಕ್ಕೆ ಅಲ್ಲ. ಕಚ್ಚಿದ್ದು ಯಾವುದು ಅಂತ ಗೊತ್ತಿಲ್ಲದಿದ್ದರೆ ಲೈಫ್‌ಗಾರ್ಡ್‌ನ್ನು ಕೇಳದೆ ಹಾಕಬೇಡಿ. ಉಸಿರಾಟಕ್ಕೆ ಕಷ್ಟ, ಮುಖ ಊದುವುದು, ಎದೆನೋವು, ವಾಂತಿ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಿ.

ಮಾರನೇ ದಿನ ವಾಪಸ್ ಹೊರಡೋಣವಾ ಅಂತ ಅಕ್ಕ ಕೇಳಿದಳು. ಬೇಡ ಅಂದೆ. ಹೆದರಿಕೊಂಡು ಹೋದರೆ ಆ ಮಗು ಇನ್ನೆಂದೂ ಸಮುದ್ರದ ಕಡೆ ತಿರುಗಿ ನೋಡುವುದಿಲ್ಲ. ತುಮಕೂರಿನ ಅಮಾನಿಕೆರೆಯ ದಡದಲ್ಲಿ ಬೆಳೆದ ನಮಗೆ ನೀರಂಚಲ್ಲಿ ಕಂಡದ್ದನ್ನೆಲ್ಲ ಕೈಗೆತ್ತಿಕೊಳ್ಳುವ ಅಭ್ಯಾಸ. ಇಲ್ಲಿ ಕಣ್ಣಿಗಷ್ಟೇ ಕೆಲಸ ಅಂತ ಕಲಿಸಿದರೆ ಸಾಕು, ಅಲ್ವಾ?

ಬೆಳಗಿನ ಇಳಿತದ ಹೊತ್ತು ನೋಡಿಕೊಂಡು ಹೋಗಿ. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಹಾಗಾಗಿ ನಿನ್ನೆಯ ಸಮಯ ಇವತ್ತಿಗೆ ಆಗುವುದಿಲ್ಲ. ಬರಿಗಾಲು ಬೇಡ, ಮುಚ್ಚಿದ ಶೂ ಇರಲಿ. ಎರಡು ಹೆಜ್ಜೆ ದೂರ ನಿಂತು ನೋಡಿ. ಫೋಟೋದಲ್ಲಿ ಅಳತೆ ತಿಳಿಯಲು ಪಕ್ಕದಲ್ಲಿ ಏನಾದರೂ ಇಡಿ, ತಾಗಿಸಬೇಡಿ.

ಗುರುತು ಹಿಡಿಯುವುದು ಅಷ್ಟು ಕಷ್ಟವಲ್ಲ. ಪಾರದರ್ಶಕ ತಟ್ಟೆಯ ನಡುವೆ ಕುದುರೆ ಲಾಳದ ಆಕಾರದ ನಾಲ್ಕು ಗುರುತು ಹೂವಿನ ಹಾಗೆ ಕಂಡರೆ ಅದು ಮೂನ್ ಜೆಲ್ಲಿ. ಅದರ ಚುಚ್ಚು ಸಾಮಾನ್ಯವಾಗಿ ಸೌಮ್ಯ. ಅಂಚಿನಲ್ಲಿ ದಾರವೇ ಇಲ್ಲದೆ, ಕೆಳಗೆ ಹೂಕೋಸಿನಂಥ ಎಂಟು ದಪ್ಪ ತೋಳು ಇದ್ದರೆ ಅದು ಬೇರೆ ಗುಂಪು. ನಾಣ್ಯದಷ್ಟು ಬಿಲ್ಲೆಯ ಸುತ್ತ ನೀಲಿ ಕುಚ್ಚು ಇದ್ದರೆ ಬ್ಲೂ ಬಟನ್. ನಿಜವಾಗಿ ಹುಷಾರಾಗಿರಬೇಕಾದದ್ದು ಎರಡಕ್ಕೆ. ಒಂದು, ನೀಲಿ ನೇರಳೆ ಬಲೂನಿನಂತೆ ತೇಲುವ ಪೋರ್ಚುಗೀಸ್ ಮ್ಯಾನ್ ಆಫ್ ವಾರ್. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದಲ್ಲಿ ದಡಕ್ಕೆ ಬರುತ್ತದೆ. ಬಲೂನು ಅಂಗೈಯಷ್ಟಿದ್ದರೂ ದಾರ 10 ಮೀಟರ್ ದಾಟಬಹುದು. ಅದು ಒಂದೇ ಪ್ರಾಣಿಯಲ್ಲ, ಒಂದು ಇಡೀ ಕುಟುಂಬ ಸೇರಿ ಒಂದೇ ಮೈಯಂತೆ ಬದುಕುವಂಥದ್ದು. ಇನ್ನೊಂದು ಬಾಕ್ಸ್ ಜೆಲ್ಲಿ. ಚೌಕ ಗಂಟೆಯಂಥ ಮೈ, ನಾಲ್ಕು ಮೂಲೆಯಿಂದ ದಾರ. ನೀರಿನಲ್ಲಿ ಕಾಣುವುದೇ ಕಷ್ಟ. ಅದಕ್ಕೇ ನೀರಿಗಿಳಿಯುವ ಮುಂಚೆ ಲೈಫ್‌ಗಾರ್ಡ್‌ನ್ನು ‘ಇವತ್ತು ಯಾರಿಗಾದರೂ ಕಚ್ಚಿದೆಯಾ’ ಅಂತ ಕೇಳಿಬಿಡಿ.

ದಡದಲ್ಲಿ ನಿಂತು ಕೈಯಲ್ಲೇ ಎಳೆಯುವ ಕೈರಂಪಣಿ ಬಲೆ ಕಂಡರೆ ಖಂಡಿತ ನಿಂತು ನೋಡಿ. ಬಲೆಯೊಳಗೆ ಮೀನಿನ ಜೊತೆ ಜೆಲ್ಲಿ ಫಿಶ್ ಕೂಡ ಬರುತ್ತದೆ. ಮೀನುಗಾರರು ಅದನ್ನು ಬದಿಗೆ ಎಸೆಯುತ್ತಾರೆ, ಆ ಜಾಗ ತುಳಿಯಬೇಡಿ. ಅಲ್ಲೊಬ್ಬ ಅಜ್ಜ ಜೆಲ್ಲಿ ಚುಚ್ಚಿ ತಮ್ಮ ಕೈಯಲ್ಲಿ ಉಳಿದ ಹಳೇ ಗೆರೆಗಳನ್ನು ಮಕ್ಕಳಿಗೆ ತೋರಿಸಿದರು. ನನ್ನ ಇಡೀ ದಿನದ ಉಪದೇಶಕ್ಕಿಂತ ಅದು ಚೆನ್ನಾಗಿ ನಾಟಿತು. ಇದೇ ಕರಾವಳಿಯಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲಿ ಆಮೆಗಳು ಜೆಲ್ಲಿ ಫಿಶ್ ತಿನ್ನುತ್ತವೆ. ನೀರಲ್ಲಿ ತೇಲುವ ಪ್ಲಾಸ್ಟಿಕ್ ಚೀಲ ಆಮೆಗಳಿಗೆ ಜೆಲ್ಲಿಯಂತೆ ಕಾಣುತ್ತದೆ. ದಯವಿಟ್ಟು ನಿಮ್ಮ ಚಿಪ್ಸ್ ಪೊಟ್ಟಣ ನಿಮ್ಮ ಬ್ಯಾಗಿನಲ್ಲೇ ವಾಪಸ್ ಬರಲಿ.

ಬ್ಯಾಗಿಗೆ ಒಂದು ಚಿಮಟ, ಫ್ಲಾಸ್ಕಿನಲ್ಲಿ ಬಿಸಿನೀರು, ಒಂದು ಸಣ್ಣ ಬಕೆಟ್ ಹಾಕಿಕೊಳ್ಳಿ. ಮೈ ಮುಚ್ಚುವ ಲೆಗ್ಗಿಂಗ್ಸ್ ಇದ್ದರೆ ಇನ್ನೂ ಒಳ್ಳೆಯದು.

ಕೊನೆಯ ದಿನ ಶರಾವತಿ ಅಳಿವೆಯಲ್ಲಿ ದೋಣಿ ಹತ್ತಿದೆವು. ಭರತದ ನೀರು ಒಳಗೆ ಬರುತ್ತಿತ್ತು. ದೋಣಿಯವರು ಎಂಜಿನ್ ನಿಲ್ಲಿಸಿ ಕೆಳಗೆ ತೋರಿಸಿದರು. ಹಾಲು ಬಣ್ಣದ ಕೊಡೆಯೊಂದು ಮುಚ್ಚಿ, ಬಿಚ್ಚಿ, ಮುಚ್ಚಿ, ಬಿಚ್ಚಿ ಸಾಗುತ್ತಿತ್ತು. ಹುಡುಗಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಮೆಲ್ಲಗೆ ಅದರ ತೋಳು ಎಣಿಸಿದಳು. ಎಂಟು.