ಬಂದ್ ದಿನ ವ್ಯಾನ್ ಬರಲ್ಲ ಅಂತ ಮಗುವಿಗೆ ಹೇಳೋದು ಹೇಗೆ?

ನಾನು ಬೆಂಗಳೂರಿನ ಒಂದು ಚಿಕ್ಕ ವಿಶೇಷ ಶಾಲೆಯಲ್ಲಿ ಟೀಚರ್. ನಮ್ಮಲ್ಲಿ ಹೆಚ್ಚಿನ ಮಕ್ಕಳಿಗೆ ಆಟಿಸಂ ಇದೆ, ಅಂದರೆ ಮಿದುಳು ಬೆಳೆಯುವ ರೀತಿಯೇ ಬೇರೆ; ಬೇರೆಯವರ ಜೊತೆ ಬೆರೆಯೋದು, ಬದಲಾವಣೆಗೆ ಹೊಂದಿಕೊಳ್ಳೋದು ಕಷ್ಟ. ಪ್ರತಿ ಮಗು ಕೂರುವ ಜಾಗದ ಪಕ್ಕ ಗೋಡೆಗೆ ಒಂದು ಉದ್ದನೆ ಪಟ್ಟಿ ಅಂಟಿಸಿರುತ್ತೇವೆ. ಅದರ ಮೇಲೆ ಚಿತ್ರದ ಕಾರ್ಡುಗಳು: ವ್ಯಾನ್, ಪ್ರಾರ್ಥನೆ, ಮಣಿ ಪೋಣಿಸೋದು, ರಾಗಿ ಮಾಲ್ಟ್, ಜೋಕಾಲಿ, ಮನೆ. ಒಂದು ಕೆಲಸ ಮುಗಿದ ಕೂಡಲೇ ಮಗುವೇ ಆ ಕಾರ್ಡನ್ನು ಕಿತ್ತು ಕೆಳಗಿನ ಡಬ್ಬಿಗೆ ಹಾಕುತ್ತದೆ. ವೆಲ್ಕ್ರೋ ಚರ್ ಅಂತ ಕಿತ್ತು ಬರುವ ಸದ್ದು ಕೇಳಿದರೆ ಸಾಕು, ಎಷ್ಟೋ ಮಕ್ಕಳ ಭುಜ ಸಡಿಲ ಆಗುತ್ತದೆ. ಇದು ಮುಗೀತು, ಮುಂದಿನದು ಇದು. ಅಷ್ಟು ಗೊತ್ತಾದರೆ ಅವರಿಗೆ ನೆಮ್ಮದಿ.

ಚಿತ್ರದಲ್ಲಿ ದಿನವನ್ನು ತೋರಿಸುವ ಈ ಪದ್ಧತಿಯನ್ನು ಬೆಳೆಸಿದವರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ 'ಟೀಚ್' ಕಾರ್ಯಕ್ರಮದವರು ಮುಖ್ಯರು. 1972ರಿಂದ ಆ ರಾಜ್ಯದ ತುಂಬ ಅದು ನಡೆಯುತ್ತಿದೆ. ಅದಕ್ಕೂ ಮೊದಲೇ, 1943ರಲ್ಲಿ, ಬಾಲ್ಟಿಮೋರ್‌ನ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದಾಗ, ಎಲ್ಲವೂ ಇದ್ದಂಗೇ ಇರಬೇಕು ಅನ್ನುವ ಅವರ ತವಕವನ್ನು ಗುರುತಿಸಿದ್ದರು. ಜನ ಇದನ್ನು ಹಟ ಅಂತಾರೆ. ಹತ್ತಿರದಿಂದ ನೋಡಿದವರಿಗೆ ಅದು ಭಯ ಅಂತ ಗೊತ್ತಾಗುತ್ತದೆ.

2023ರ ಸೆಪ್ಟೆಂಬರ್ ಕೊನೆ ವಾರ ನೆನಪಿದೆಯಾ? ಕಾವೇರಿ ನೀರಿನ ವಿಚಾರಕ್ಕೆ 26ರ ಮಂಗಳವಾರ ಬೆಂಗಳೂರು ಬಂದ್. 28ರ ಗುರುವಾರ ಈದ್ ಮಿಲಾದ್ ರಜೆ. 29ರ ಶುಕ್ರವಾರ ಕರ್ನಾಟಕ ಬಂದ್. ಮತ್ತೆ ಸೋಮವಾರ ಗಾಂಧಿ ಜಯಂತಿ. ದೊಡ್ಡವರಿಗೆ ಅದು ರಜೆ ಮೇಲೆ ರಜೆ. ನಮ್ಮ ಮಕ್ಕಳಿಗೆ ವಾರವೇ ಚೂರುಚೂರಾಗಿತ್ತು.

ಮಂಗಳವಾರ ಬೆಳಿಗ್ಗೆ ಒಬ್ಬ ಹುಡುಗನ ತಾಯಿ ಫೋನ್ ಮಾಡಿದರು. "ಮಿಸ್, ಶೂ ಹಾಕ್ಕೊಂಡು ಗೇಟ್ ಹತ್ರಾನೇ ನಿಂತಿದಾನೆ. ಇವತ್ತು ಬಂದ್, ರಜೆ ಅಂತ ಎಷ್ಟ್ ಹೇಳಿದ್ರೂ ಕೇಳ್ತಿಲ್ಲ. ಕೈ ಕಚ್ಕೊಳ್ತಿದಾನೆ." ಹಿಂದೆ ಅವನ ದನಿ ಕೇಳಿಸುತ್ತಿತ್ತು: ವ್ಯಾನ್ ಬರತ್ತಾ, ವ್ಯಾನ್ ಬರತ್ತಾ.

"ಅಮ್ಮ, ಈಗ ಏನೂ ಹೇಳಬೇಡಿ. ಪಕ್ಕದಲ್ಲಿ ಕೂತ್ಕೊಳ್ಳಿ ಸಾಕು" ಅಂದೆ. ಆ ಹೊತ್ತಿನಲ್ಲಿ ಮಾತು ತಲೆಗೆ ಹೋಗೋದಿಲ್ಲ. ಇನ್ನೊಂದು ಗದ್ದಲ ಆಗುತ್ತದೆ ಅಷ್ಟೇ. ಅಲೆ ಇಳಿದ ಮೇಲೆ ಕ್ಯಾಲೆಂಡರಿನ ಹಳೇ ಹಾಳೆಯ ಹಿಂಭಾಗದಲ್ಲಿ ವ್ಯಾನ್ ಬರೆದು, ಅವನ ಕೈಯಲ್ಲೇ ಅಡ್ಡಗೆರೆ ಹೊಡೆಸಲು ಹೇಳಿದೆ. ಅದರ ಕೆಳಗೆ ದೋಸೆ, ಟೆರೇಸ್ ಮೇಲಿನ ಗಿಡಕ್ಕೆ ನೀರು, ಮಣಿ, ಊಟ. ಪಕ್ಕದಲ್ಲಿ ನಾಳೆಯ ಸಾಲು. ಅದರಲ್ಲಿ ಮೊದಲು ವ್ಯಾನ್.

ನನ್ನ ಕೆಲಸ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು. 'ವ್ಯಾನ್ ಇಲ್ಲ' ಅಂದರೆ ಮಗುವಿನ ಮುಂದೆ ಒಂದು ಖಾಲಿ ಜಾಗ ಉಳಿಯುತ್ತದೆ. ಆ ಖಾಲಿ ಜಾಗವೇ ಹೆದರಿಸೋದು. ಅಲ್ಲಿ ಕಣ್ಣಿಗೆ ಕಾಣುವ ಇನ್ನೊಂದನ್ನು ಇಡಬೇಕು. ಜೊತೆಗೆ, ಹೋದದ್ದು ಯಾವಾಗ ವಾಪಸ್ ಬರುತ್ತದೆ ಅಂತಲೂ ತೋರಿಸಬೇಕು. 'ಏನೂ ಆಗಿಲ್ಲ, ಸುಮ್ನಿರು' ಅನ್ನೋದರಿಂದ ಉಪಯೋಗ ಇಲ್ಲ. ಅವನ ಪಾಲಿಗೆ ಆಗಿದೆ ಅಲ್ವಾ?

ಶುಕ್ರವಾರವೂ ಬಂದ್, ಅದೇ ಖಾಲಿ ರಸ್ತೆ. ಆದರೆ ಈ ಸಲ ಗುರುವಾರ ಸಂಜೆಯೇ ಹಾಳೆ ಸಿದ್ಧ ಇತ್ತು. ಬೆಳಿಗ್ಗೆ ಅವನು ಪ್ರಶ್ನೆ ಕೇಳೋದನ್ನೇನೂ ಬಿಡಲಿಲ್ಲ. ಪ್ರತಿ ಸಲ ಅಮ್ಮ ಹಾಳೆ ಮೇಲೆ ಬೆರಳಿಟ್ಟು, ಅದರಲ್ಲಿ ಇದ್ದದ್ದನ್ನೇ ಅದೇ ಪದಗಳಲ್ಲಿ ಹೇಳಿದರು. ಉತ್ತರ ಗೊತ್ತಿದ್ದೂ ಮಕ್ಕಳು ಮತ್ತೆ ಮತ್ತೆ ಕೇಳೋದು, ಅದು ಇನ್ನೂ ಹಾಗೇ ಇದೆಯಾ ಅಂತ ಮುಟ್ಟಿ ನೋಡೋಕೆ. ಬೇಜಾರಾಗಿ ಬೇರೆ ಮಾತಲ್ಲಿ ಹೇಳಿದರೆ ಅದೂ ಒಂದು ಬದಲಾವಣೆಯೇ. ಅವತ್ತು ಅವನು ಕೈ ಕಚ್ಚಿಕೊಳ್ಳಲಿಲ್ಲ.

ಎಲ್ಲ ಸರಿಯಿರುವ ದಿನವೇ ಬದಲಾವಣೆಯ ಅಭ್ಯಾಸ ಮಾಡಿಸಬೇಕು. ನಮ್ಮಲ್ಲಿ ಅದಕ್ಕೇ ಒಂದು ಕೇಸರಿ ಬಣ್ಣದ ಕಾರ್ಡ್ ಇದೆ. ಮೊದಮೊದಲು ಅದು ಬಂದರೆ ಒಳ್ಳೆಯದೇ ಆಗಬೇಕು: ಮಣಿ ಬದಲು ಜೋಕಾಲಿ, ಅಥವಾ ಮಾಲ್ಟ್ ಜೊತೆ ಬಾಳೆಹಣ್ಣು. ಆಮೇಲೆ ಅಷ್ಟೇನೂ ಇಷ್ಟವಿಲ್ಲದ ಚಿಕ್ಕ ಬದಲಾವಣೆ. ಮಳೆ ಬಂದು ಜೋಕಾಲಿ ಇಲ್ಲ ಅಂದಾಗಲೂ ಅದೇ ಕಾರ್ಡ್ ಕಂಡರೆ, ಇದು ನನಗೆ ಗೊತ್ತಿರೋದೇ ಅನ್ನೋ ಹಾಗೆ ಕೆಲವರು ತಡೆದುಕೊಳ್ಳುತ್ತಾರೆ. ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಅವಸರ ಮಾಡಬಾರದು.

ಎಲ್ಲಕ್ಕಿಂತ ಕಷ್ಟದ ಸ್ಥಿತಿ ಅಂದರೆ, ಹೋದದ್ದು ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲದಿರೋದು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ 21 ದಿನ ಅಂದಿದ್ದರು. ಎಷ್ಟೋ ಮನೆಗಳಲ್ಲಿ ಏಪ್ರಿಲ್ 14ಕ್ಕೆ ಗುರುತು ಹಾಕಿದ್ದರು. ಅದು ಮೇ 3ಕ್ಕೆ ಹೋಯಿತು, ಮತ್ತೆ 17ಕ್ಕೆ, ಮತ್ತೆ 31ಕ್ಕೆ. ಆಗ ನಾವು ಮನೆಯವರ ಜೊತೆ ಕೂಡಿ ತಾರೀಕು ಹೇಳೋದನ್ನೇ ಬಿಟ್ಟೆವು. 'ಶಾಲೆ ಯಾವಾಗ? ಗೊತ್ತಿಲ್ಲ. ಗೊತ್ತಾದ ದಿನ ಹೇಳ್ತೀನಿ' ಅನ್ನೋದಕ್ಕೂ ಒಂದು ಕಾರ್ಡ್ ಮಾಡಿದೆವು. ಪಟ್ಟಿಯಲ್ಲಿ ಇವತ್ತು ಮಾತ್ರ. ಬೆಳಗಿನ ಪ್ರಾರ್ಥನೆಯನ್ನು ಮಾತ್ರ ಬಿಡಲಿಲ್ಲ. ಶಾಲೆಯ ಹೊತ್ತಿಗೇ, ಅದೇ ರಾಗದಲ್ಲಿ, ಫೋನಿನಲ್ಲಿ.

ಆ ತಿಂಗಳುಗಳಲ್ಲಿ ಅಮ್ಮಂದಿರು ಎಷ್ಟೋ ಜನ ಫೋನಿನಲ್ಲಿ ಅತ್ತಿದ್ದಾರೆ. ಗಂಡನ ಸಂಬಳ ನಿಂತಿದೆ, ನಿದ್ದೆ ಇಲ್ಲ, ಮಗು ಒಂದೇ ಸಮ ಕೂಗುತ್ತದೆ. ಅವರಿಗೂ ನಾನು ಹೇಳಿದ್ದು ಬೇರೇನಲ್ಲ. ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತು ಬದಲಿಸಬೇಡಿ. ಇವತ್ತಿನ ಮೂರು ಕೆಲಸ ಬರೆದು ಫ್ರಿಜ್ ಮೇಲೆ ಅಂಟಿಸಿ, ಮುಗಿದದ್ದನ್ನು ಹೊಡೆದು ಹಾಕಿ. ಒಬ್ಬರೇ ತಡ್ಕೋಬೇಡಿ, ಎದೆ ಬಡಿತ, ನಿದ್ದೆಗೇಡು ವಾರಗಟ್ಟಲೆ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ದುಡ್ಡು ಖರ್ಚಾಗದೆ ಮಾತಾಡೋಕೆ ಈಗ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು.

ಇಂಥ ಮಗು ಇರುವ ಮನೆಯವರು ಮನೆ ಬದಲಿಸುವವರಿದ್ದರೆ ಒಂದು ಮಾತು. ಹೊಸ ಮನೆಯ ಬಾಗಿಲು, ಬಚ್ಚಲು, ಮಲಗುವ ಜಾಗದ ಫೋಟೋ ತೆಗೆದು ಮೊದಲೇ ದಿನಾ ತೋರಿಸಿ. ಸಾಮಾನು ಸಾಗಿಸುವ ಮೊದಲೇ ಒಂದೆರಡು ಸಲ ಕರೆದುಕೊಂಡು ಹೋಗಿ, ಅಲ್ಲೇ ತಿಂಡಿ ತಿನ್ನಿಸಿ. ಮಗುವಿನ ಹೊದಿಕೆ, ದಿಂಬಿನ ಕವರು ಮಾತ್ರ ಒಗೆಯದೆ ಹಾಗೇ ತಗೊಂಡು ಹೋಗಿ. ಮೊದಲ ರಾತ್ರಿ ಅದರಲ್ಲಿ ಹಳೇ ಮನೆಯ ವಾಸನೆ ಇರಲಿ. ಒಗೆಯೋದನ್ನ ಮುಂದಿನ ವಾರ ನೋಡ್ಕೊಳ್ಳಬಹುದು.