ಎರಡನೆಯ ಮಾಲೀಕನಿಗೆ ಬಾರದ ಕಾಗದ

ಕಳೆದ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ನಮ್ಮ ಚಿಕ್ಕಪ್ಪನಿಗೆ ಬೆಂಗಳೂರಿನಿಂದ ಒಂದು ಫೋನ್ ಬಂದಿತು. ಮಾತನಾಡಿದವರು ಚಿಕ್ಕಪ್ಪನ ಎಸ್‌ಯುವಿಯ ಮೊದಲ ಮಾಲೀಕರು. ಗಾಡಿ ಮಾರಿ ಎರಡು ವರ್ಷ ಕಳೆದಿದ್ದರೂ ಕಂಪನಿಯ ಕಾಗದ ಅವರ ಮನೆಗೇ ಹೋಗಿತ್ತು. ಮುಂದಿನ ಎಡ ಸೀಟಿನ ಏರ್‌ಬ್ಯಾಗಿನಲ್ಲಿ ದೋಷವಿರುವ ಸಾಧ್ಯತೆಯಿದೆ, ತಂದು ತೋರಿಸಿದರೆ ಉಚಿತವಾಗಿ ಬದಲಿಸಿಕೊಡುತ್ತೇವೆ ಎಂಬುದು ಅದರ ಸಾರ. ಆರ್‌ಸಿ ವರ್ಗಾವಣೆಯ ಕಾಲದಲ್ಲಿ ಬರೆದಿಟ್ಟುಕೊಂಡಿದ್ದ ನಂಬರನ್ನು ಹುಡುಕಿ ಆ ಪುಣ್ಯಾತ್ಮರು ಫೋನ್ ಮಾಡದೇ ಹೋಗಿದ್ದರೆ, ಮೂಡಿಗೆರೆಯ ತೋಟದ ಶೆಡ್ಡಿನಲ್ಲಿ ನಿಂತಿದ್ದ ಆ ಗಾಡಿಯ ವಿಷಯ ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಚಿಕ್ಕಪ್ಪ ಕೂಡಲೇ ನನಗೆ ಫೋನ್ ಮಾಡಿದರು. "ರೀಕಾಲ್ ಅಂತೆ ಕಣೋ. ದುಡ್ಡು ಕೊಟ್ಟು ತಗೊಂಡ ಗಾಡೀನ ವಾಪಸ್ ಕೇಳೋಕೆ ಅವರ್ಯಾರು?" ಎಂಬುದು ಅವರ ಮೊದಲ ಪ್ರಶ್ನೆ. ತಪ್ಪು ಅವರದಲ್ಲ. ಪತ್ರಿಕೆಗಳಲ್ಲಿ "ಇಷ್ಟು ಸಾವಿರ ಕಾರುಗಳನ್ನು ಹಿಂಪಡೆದ ಕಂಪನಿ" ಎಂದು ಓದಿದ ಯಾರಿಗಾದರೂ ಕಾರನ್ನೇ ಒಯ್ದುಬಿಡುತ್ತಾರೆ ಎಂದು ಅನ್ನಿಸುವುದು ಸಹಜ. ವಾಸ್ತವದಲ್ಲಿ ಬಹುಪಾಲು ರೀಕಾಲ್‌ಗಳಲ್ಲಿ ನಡೆಯುವುದು ಒಂದು ಬಿಡಿಭಾಗದ ಬದಲಾವಣೆ ಅಥವಾ ಸಾಫ್ಟ್‌ವೇರ್ ತಿದ್ದುಪಡಿ ಮಾತ್ರ. ಗಾಡಿ ಸಂಜೆಗೋ ಮರುದಿನವೋ ಮನೆಗೆ ಬರುತ್ತದೆ.

ಗಾಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಓದುಗರಿಗೆ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಈ ಬಗೆಯ ದೋಷ ಒಂದು ಕಂಪನಿಗೆ ಸೀಮಿತವಾದುದಲ್ಲ. ಜಪಾನಿನ ಟಕಾಟಾ ಕಂಪನಿ ತಯಾರಿಸಿದ ಏರ್‌ಬ್ಯಾಗ್ ಇನ್‌ಫ್ಲೇಟರುಗಳ, ಅಂದರೆ ಚೀಲವನ್ನು ಉಬ್ಬಿಸುವ ಲೋಹದ ಡಬ್ಬಿಗಳ, ಕಥೆ ಅನೇಕರಿಗೆ ಗೊತ್ತಿರಬಹುದು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರುಗಳು ರೀಕಾಲ್‌ಗೆ ಒಳಪಟ್ಟವು. 19 ವಾಹನ ತಯಾರಕರು ಅದರಲ್ಲಿ ಸಿಲುಕಿದರು, ಬಿಎಂಡಬ್ಲ್ಯೂ, ಮರ್ಸಿಡಿಸ್, ಆಡಿ, ಜಾಗ್ವಾರ್ ಲ್ಯಾಂಡ್ ರೋವರ್‌ಗಳಂತಹ ದುಬಾರಿ ಹೆಸರುಗಳೂ ಆ ಪಟ್ಟಿಯಲ್ಲಿದ್ದವು. ಟಕಾಟಾ 2017ರ ಜೂನ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಅಪಘಾತವಾದ ಕ್ಷಣದಲ್ಲಿ ಚೀಲವನ್ನು ಉಬ್ಬಿಸಲು ಅನಿಲ ಬೇಕು, ಆ ಅನಿಲಕ್ಕಾಗಿ ಟಕಾಟಾ ಬಳಸಿದ್ದು ಅಮೋನಿಯಂ ನೈಟ್ರೇಟ್. ವರ್ಷಗಟ್ಟಲೆ ತೇವವನ್ನೂ ಬಿಸಿಲು-ತಂಪಿನ ಏರಿಳಿತವನ್ನೂ ಉಂಡ ಈ ರಾಸಾಯನಿಕದ ಬಿಲ್ಲೆಗಳು ಸಡಿಲಗೊಂಡು, ಉರಿಯಬೇಕಾದುದಕ್ಕಿಂತ ವೇಗವಾಗಿ ಉರಿದು, ಲೋಹದ ಡಬ್ಬಿಯನ್ನೇ ಸಿಡಿಸಿ ಅದರ ಚೂರುಗಳನ್ನು ಕುಳಿತವರ ಕತ್ತಿಗೂ ಮುಖಕ್ಕೂ ಎಸೆಯುತ್ತಿದ್ದವು.

ತೇವ ಎಂದೊಡನೆ ನಮ್ಮ ಕಡೆಯವರ ಕಿವಿ ನಿಮಿರಲೇಬೇಕು. ಅಮೆರಿಕದಲ್ಲಿ ಮೊದಲು ಆದ್ಯತೆ ಪಡೆದದ್ದು ಫ್ಲೋರಿಡಾದಂತಹ ಸೆಖೆಯೂ ತೇವವೂ ಕೂಡಿದ ಪ್ರದೇಶಗಳು. ನಮ್ಮಲ್ಲಿ ಅಷ್ಟು ಸೆಖೆಯಿಲ್ಲ, ಆದ್ದರಿಂದ ಹೋಲಿಕೆಯನ್ನು ಅತಿಯಾಗಿ ಎಳೆಯುವುದು ತರವಲ್ಲ. ಆದರೆ ಜುಲೈನಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿದು, ಫೆಬ್ರುವರಿಯಲ್ಲಿ ಕಾಫಿ ಕಣದ ಸಿಮೆಂಟಿನ ಮೇಲೆ ಇಡೀ ದಿನ ಗಾಡಿ ನಿಲ್ಲಿಸಿದರೆ ಡ್ಯಾಷ್‌ಬೋರ್ಡ್ ಮುಟ್ಟಲಾಗದಷ್ಟು ಕಾಯುತ್ತದೆ. ಕಾರ್ಖಾನೆಯ ದೋಷ ಕಾರ್ಖಾನೆಯಲ್ಲೇ ಹುಟ್ಟಿದರೂ ಅದು ಬಲಿಯುವುದು ನಾವು ಗಾಡಿ ನಿಲ್ಲಿಸುವ ಜಾಗದಲ್ಲಿ.

ಇದಕ್ಕಿಂತಲೂ ಹೆಚ್ಚು ನನ್ನನ್ನು ಯೋಚನೆಗೆ ಹಚ್ಚಿದ್ದು ಬ್ರೇಕ್ ಬೂಸ್ಟರಿನ ದೋಷಕ್ಕಾಗಿ ನಡೆದ ಮರ್ಸಿಡಿಸ್ ಕಂಪನಿಯ 2022ರ ರೀಕಾಲ್. 2004ರಿಂದ 2015ರ ನಡುವೆ ತಯಾರಾದ ಎಂಎಲ್ ಮತ್ತು ಜಿಎಲ್ ಎಸ್‌ಯುವಿಗಳು ಹಾಗೂ ಆರ್-ಕ್ಲಾಸ್ ಗಾಡಿಗಳು ಸೇರಿ ಜಗತ್ತಿನಾದ್ಯಂತ ಸುಮಾರು 10 ಲಕ್ಷ ವಾಹನಗಳು ಅದರ ವ್ಯಾಪ್ತಿಗೆ ಬಂದವು. ನಾವು ಕಾಲಿನಿಂದ ಪೆಡಲ್ ಒತ್ತುವ ಬಲ ಎರಡು ಟನ್ನಿಗೂ ಮೀರಿದ ಗಾಡಿಯನ್ನು ನಿಲ್ಲಿಸಲು ಸಾಲದು, ಆ ಬಲವನ್ನು ನಿರ್ವಾತದ ನೆರವಿನಿಂದ ಹಲವು ಪಟ್ಟು ಮಾಡಿಕೊಡುವ ದುಂಡನೆಯ ಲೋಹದ ಡಬ್ಬಿಯೇ ಬ್ರೇಕ್ ಬೂಸ್ಟರ್. ಅದರ ಮೇಲಿನ ರಬ್ಬರ್ ಪಟ್ಟಿಯ ಅಡಿಯಲ್ಲಿ ವರ್ಷಗಳ ಕಾಲ ನೀರು ಕುಳಿತು, ಹೊರಕವಚಕ್ಕೆ ತುಕ್ಕು ಹಿಡಿದು, ಗಾಳಿ ಸೋರಲಾರಂಭಿಸಬಹುದು ಎಂಬುದು ದೋಷ. ಸೋರಿದರೆ ಪೆಡಲ್ ಗಟ್ಟಿಯಾಗುತ್ತದೆ, ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ತುಕ್ಕು ತೀರಾ ಹೆಚ್ಚಿದ್ದಲ್ಲಿ, ಜೋರಾಗಿ ಬ್ರೇಕ್ ಒತ್ತಿದಾಗ ಬೂಸ್ಟರ್ ಮುರಿದು ಪೆಡಲಿಗೂ ಬ್ರೇಕಿಗೂ ಇರುವ ಸಂಪರ್ಕವೇ ತಪ್ಪಿಹೋಗುವ ಅಪರೂಪದ ಸಾಧ್ಯತೆಯೂ ಇತ್ತು. ಪರೀಕ್ಷೆ ಆಗುವವರೆಗೆ ಗಾಡಿ ಓಡಿಸಲೇಬೇಡಿ ಎಂದು ಕಂಪನಿಯೇ ಹೇಳಿತು, ಇಂತಹ ಮಾತು ರೀಕಾಲ್‌ಗಳಲ್ಲಿ ಬಹಳ ಕಡಿಮೆ.

ಕೊಟ್ಟಿಗೆಹಾರ ದಾಟಿ ಮಂಜಿನಲ್ಲಿ ಚಾರ್ಮಾಡಿ ಇಳಿಯುವವನಿಗೆ ಈ ವಿವರಣೆ ಬೇರೆಯಾಗಿಯೇ ಕೇಳಿಸುತ್ತದೆ. ನಮ್ಮ ಗ್ಯಾರೇಜಿನವರು ಹೇಳಿಕೊಟ್ಟ ಒಂದು ಪರೀಕ್ಷೆಯನ್ನು ಯಾವ ಕಾರಿನವರೂ ಮನೆಯಂಗಳದಲ್ಲೇ ಮಾಡಬಹುದು: ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಬೇಕು, ನಂತರ ಕಾಲನ್ನು ಒತ್ತಿಯೇ ಇಟ್ಟುಕೊಂಡು ಎಂಜಿನ್ ಶುರು ಮಾಡಬೇಕು. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಇಳಿಯದಿದ್ದರೆ, ಅಥವಾ ಬ್ರೇಕ್ ಒತ್ತಿದಾಗಲೆಲ್ಲ ಬುಸ್ ಎಂಬ ಸದ್ದು ನಿಲ್ಲದೆ ಬರುತ್ತಿದ್ದರೆ, ಘಾಟಿ ಇಳಿಯುವ ಯೋಚನೆ ಬಿಟ್ಟು ಮೆಕ್ಯಾನಿಕ್‌ನನ್ನು ಕರೆಸಬೇಕು. ಆದರೆ ಒಳಗೊಳಗೇ ತಿನ್ನುತ್ತಿರುವ, ಇನ್ನೂ ಸೋರದ ತುಕ್ಕನ್ನು ಈ ಪರೀಕ್ಷೆ ತೋರಿಸಲಾರದು.

ಕಾನೂನಿನ ವಿಷಯಕ್ಕೆ ಬರುತ್ತೇನೆ. ಭಾರತದಲ್ಲಿ 2012ರಿಂದ ತಯಾರಕರ ಸಂಘವೇ ರೂಪಿಸಿಕೊಂಡ ಸ್ವಯಂಪ್ರೇರಿತ ನಿಯಮಾವಳಿಯಿತ್ತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಸೆಕ್ಷನ್ ಸೇರಿ, ದೋಷಪೂರಿತ ವಾಹನಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂದಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಾದವು. ಸರ್ಕಾರದ ಆದೇಶದ ಮೇಲೆ ನಡೆಯುವ ರೀಕಾಲ್‌ಗೆ 10 ಲಕ್ಷ ರೂಪಾಯಿಯಿಂದ 1 ಕೋಟಿ ರೂಪಾಯಿವರೆಗೆ ದಂಡವೂ ಇದೆ. ಆದರೆ ಈ ನಿಯಮಗಳು ಅನ್ವಯಿಸುವುದು ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳಿಗೆ.

ನನ್ನ ತಕರಾರು ಇರುವುದು ಇಲ್ಲಿಯೇ. ಬೆಂಗಳೂರಿನಲ್ಲಿ ಎಂಬತ್ತು ಲಕ್ಷಕ್ಕೆ ಕೊಂಡ ಐಷಾರಾಮಿ ಎಸ್‌ಯುವಿ ಮೂಡಿಗೆರೆಗೋ ಸಕಲೇಶಪುರಕ್ಕೋ ಆಲ್ದೂರಿಗೋ ಬರುವುದು ಅದರ ಏಳೋ ಎಂಟೋ ವರ್ಷದ ಪ್ರಾಯದಲ್ಲಿ, ಬೆಲೆ ಕಾಲು ಭಾಗಕ್ಕೆ ಇಳಿದ ಮೇಲೆ. ಕಾಫಿಗೆ ಒಳ್ಳೆಯ ದರ ಸಿಕ್ಕ ವರ್ಷ ಇಂತಹ ಗಾಡಿಗಳು ನಮ್ಮ ಕಡೆ ಸಾಲಾಗಿ ಬರುತ್ತವೆ. ಅಂದರೆ ಕಾನೂನಿನ ರಕ್ಷಣೆ ಮುಗಿಯುವ ಗಳಿಗೆಗೂ ಗಾಡಿ ಘಟ್ಟ ಹತ್ತುವ ಗಳಿಗೆಗೂ ವ್ಯತ್ಯಾಸವೇ ಇಲ್ಲ. ಮೇಲೆ ಹೇಳಿದ ಮರ್ಸಿಡಿಸ್ ಗಾಡಿಗಳನ್ನೇ ನೋಡಿ: 2022ರಲ್ಲಿ ಅವುಗಳಲ್ಲಿ ಬಹುತೇಕ ಎಲ್ಲವೂ ಏಳು ವರ್ಷ ದಾಟಿದ್ದವು. ತುಕ್ಕು, ತೇವ, ರಾಸಾಯನಿಕದ ಸವಕಳಿ ಇವೆಲ್ಲವೂ ವರ್ಷಗಳ ನಂತರ ತಲೆದೋರುವ ದೋಷಗಳು, ಅವಕ್ಕೆ ಏಳು ವರ್ಷದ ಗಡಿ ಹಾಕುವುದು ಹಲ್ಲಿಲ್ಲದ ಮಗುವಿಗೆ ಕಡಲೆ ಕೊಟ್ಟ ಹಾಗೆ. ಕಂಪನಿಗಳು ತಾವಾಗಿಯೇ ಹಳೆಯ ಗಾಡಿಗಳನ್ನೂ ಕರೆಯುತ್ತವೆ ಎಂಬುದು ನಿಜ, ಚಿಕ್ಕಪ್ಪನ ಗಾಡಿಗೂ ಹಾಗೆಯೇ ಕರೆ ಬಂದಿತು. ಆದರೆ ಅದು ಅವರ ಇಚ್ಛೆಯ ಮಾತು.

ಎಲ್ಲ ದೋಷವೂ ಕಾರ್ಖಾನೆಯಿಂದಲೇ ಬರುವುದಿಲ್ಲ ಎಂಬುದನ್ನೂ ಹೇಳಬೇಕು. 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಬಳಿ ಲೆಕ್ಸಸ್ ಕಾರೊಂದು ಹಿಡಿತ ತಪ್ಪಿ ನಾಲ್ವರು ಸತ್ತರು. ಅದು ಷೋರೂಮಿನವರು ತಾತ್ಕಾಲಿಕವಾಗಿ ಕೊಟ್ಟಿದ್ದ ಕಾರು, ಅದರಲ್ಲಿ ಹಾಸಿದ್ದ ರಬ್ಬರ್ ಮ್ಯಾಟ್ ಲೆಕ್ಸಸ್‌ನ ಒಂದು ಎಸ್‌ಯುವಿಯದು. ಅಳತೆ ಮೀರಿದ ಆ ಮ್ಯಾಟ್ ಆಕ್ಸಿಲರೇಟರ್ ಪೆಡಲನ್ನು ಒತ್ತಿ ಹಿಡಿದಿತ್ತು. ನಮ್ಮಲ್ಲಿ ಮಳೆಗಾಲದ ಕೆಸರಿಗೆ ಹೆದರಿ ಮ್ಯಾಟ್ ಮೇಲೊಂದು ಮ್ಯಾಟ್, ಅದರ ಮೇಲೊಂದು ಗೋಣಿಚೀಲ ಹಾಸದ ಗಾಡಿ ಎಷ್ಟಿವೆ? ಚಿಕ್ಕಪ್ಪನ ಗಾಡಿಯಿಂದ ಅಂದು ಮೂರು ಪದರ ತೆಗೆದೆವು.

ರೀಕಾಲ್ ಇದೆಯೇ ಎಂದು ನೋಡುವ ಕೆಲಸ ಕಷ್ಟದ್ದಲ್ಲ. ಆರ್‌ಸಿಯಲ್ಲಿ ನಮೂದಾಗಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಬಹುದು, ಇಲ್ಲವೇ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಬಹುದು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ, ಹಾಗೆ ಕಂಡದ್ದು ಒಂದು ಅಥವಾ ಸೊನ್ನೆ ಎಂದೇ ತಿಳಿಯಬೇಕು. ಗಾಡಿ ಕೊಳ್ಳುವ ಮುನ್ನವೇ ಈ ಕೆಲಸ ಮಾಡಿದರೆ ಇನ್ನೂ ಒಳ್ಳೆಯದು.

ನಮಗೆ ಕಷ್ಟವಾದದ್ದು ಆಮೇಲೆ. ಬಿಡಿಭಾಗ ಬಂದಿಲ್ಲ ಎಂದು ಸರ್ವಿಸ್ ಸೆಂಟರಿನವರು ಎರಡೂವರೆ ತಿಂಗಳು ಸಾಗಹಾಕಿದರು. ಮೊದಲ ಮಾಲೀಕರ ಹೆಸರೇ ಅವರ ಕಡತದಲ್ಲಿದ್ದುದರಿಂದ ಪ್ರತಿ ಫೋನಿನಲ್ಲೂ ಚಿಕ್ಕಪ್ಪ ತಾವು ಯಾರೆಂದು ರುಜುವಾತು ಪಡಿಸಬೇಕಾಯಿತು. ಕೊನೆಗೆ ಆರ್‌ಸಿಯ ಪ್ರತಿ ಲಗತ್ತಿಸಿ, ತಡವಾದರೆ ಗ್ರಾಹಕರ ಆಯೋಗಕ್ಕೆ ಹೋಗುವುದಾಗಿ ಇಮೇಲ್ ಬರೆದ ಮೇಲೆ ದಿನ ಗೊತ್ತಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಈಗ 50 ಲಕ್ಷ ರೂಪಾಯಿವರೆಗೆ ಹಣ ಕೊಟ್ಟ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ.

ಆ ಎರಡೂವರೆ ತಿಂಗಳೂ ಚಿಕ್ಕಮ್ಮ ಹಿಂದಿನ ಸೀಟಿನಲ್ಲೇ ಕುಳಿತು ಓಡಾಡಿದರು. ಕೆಲಸ ಮುಗಿಸಿ ಕೊಟ್ಟ ಬಿಲ್ಲಿನಲ್ಲಿ ಸೊನ್ನೆ ರೂಪಾಯಿ ಎಂದಿತ್ತು, ಅದನ್ನು ಆರ್‌ಸಿಯ ಜೊತೆಯಲ್ಲೇ ಇಟ್ಟಿದ್ದೇವೆ. ಕಂಪನಿಯ ಕಡತದಲ್ಲಿ ಈಗ ಚಿಕ್ಕಪ್ಪನ ಹೆಸರೂ ಮೂಡಿಗೆರೆಯ ವಿಳಾಸವೂ ಇವೆ.