ಅಡತಿ ಪಟ್ಟಿ ಆ್ಯಪ್: ಚೀಲದ ಸರಕಿಗೆ ಬೇರೆ ಟೈಪ್

ರಾಯಚೂರಿನ ಅಡತಿ ಅಂಗಡಿಗಳಿಗೆಂದು ಬರೆಯುತ್ತಿರುವ ಆ್ಯಪ್‌ನಲ್ಲಿ ಸದ್ಯ ಆರು ಸರಕು: ಹತ್ತಿ, ನೆಲ್ಲು, ತೊಗರಿ, ಶೇಂಗಾ, ಸೂರ್ಯಕಾಂತಿ, ಮೆಣಸಿನಕಾಯಿ. ಹತ್ತಿ ಬಿಟ್ಟು ಉಳಿದ ಐದೂ ಚೀಲದ ಸರಕು. ಚೀಲದ ಲೆಕ್ಕ ಹಾಕುವ ಫಂಕ್ಷನ್‌ಗೆ ಹತ್ತಿ ಹೋಗಕೂಡದು. ಹೋದರೆ ಕಂಪೈಲರ್ (ಕೋಡ್ ಓಡುವ ಮೊದಲೇ ಅದನ್ನು ಪರೀಕ್ಷಿಸುವ ಸಾಧನ) ಅಲ್ಲೇ ತಡೆಯಬೇಕು. ಈ ಸಲದ ಕೆಲಸ ಅದೊಂದೇ.

ಆ್ಯಪ್ ಬರೆಯುತ್ತಿರುವ ಟೈಪ್‌ಸ್ಕ್ರಿಪ್ಟ್ ಭಾಷೆಯ 'ಈನಮ್' (ಹೆಸರಿಟ್ಟ ಆಯ್ಕೆಗಳ ಪಟ್ಟಿ) ಬಿಟ್ಟು ಸ್ಟ್ರಿಂಗ್ ಲಿಟರಲ್‌ಗಳ ಯೂನಿಯನ್ (ಈ ಪದಗಳಲ್ಲಿ ಒಂದೇ ಇರಬೇಕು ಎನ್ನುವ ಟೈಪ್) ಇಟ್ಟಾಗಿದೆ. ಸ್ಟ್ರಿಂಗ್ ಈನಮ್ ಕೇಳುವಲ್ಲಿ ಬರೀ 'ನೆಲ್ಲು' ಎಂದು ಕೊಟ್ಟರೆ ಒಪ್ಪುವುದಿಲ್ಲ.

ಆರರಿಂದ ಚೀಲದ ಐದರ ಉಪಗಣ ತೆಗೆಯಲು ಎರಡು ದಾರಿ. 'ಎಕ್ಸ್‌ಕ್ಲೂಡ್' ಬಳಸಿ ಹತ್ತಿಯನ್ನು ಕಳೆದರೆ, ನಾಳೆ ಸೇರಿಸಿದ ಹೊಸ ಸರಕು ತಾನಾಗಿಯೇ ಚೀಲದ ಗುಂಪಿಗೆ ಬಂದು ಬೀಳುತ್ತದೆ. 'ಎಕ್ಸ್‌ಟ್ರಾಕ್ಟ್' ಬಳಸಿ ಐದನ್ನು ಆರಿಸಿದರೆ ಹೊಸದು ಹೊರಗೇ ಉಳಿಯುತ್ತದೆ. ದುಡ್ಡಿನ ಲೆಕ್ಕಕ್ಕೆ ಎರಡನೆಯದೇ ವಾಸಿ. ಆದರೆ ಎರಡರಲ್ಲೂ ಒಂದು ತೂತಿದೆ: ಅವಕ್ಕೆ ಕೊಡುವ ಎರಡನೇ ಟೈಪ್ (ಕಳೆಯುವ ಇಲ್ಲವೇ ಆರಿಸುವ ಪದಗಳು) ಮೊದಲನೆಯದರ (ಆರೂ ಸರಕು) ಒಳಗಿನದೇ ಆಗಿರಬೇಕೆಂಬ ಕಟ್ಟಿಲ್ಲ. 'ಹತ್ತಿ' ಬದಲು 'ಹತಿ' ಎಂದು ಎಕ್ಸ್‌ಕ್ಲೂಡ್ ಮಾಡಿದರೆ ಎರರ್ ಬರುವುದಿಲ್ಲ, ಹತ್ತಿ ಹಾಗೇ ಒಳಗಿರುತ್ತದೆ. ಕನ್ನಡ ಲಿಟರಲ್‌ಗಳಲ್ಲಿ ಇದು ಇನ್ನೂ ತೊಂದರೆ. ಕೀಬೋರ್ಡ್‌ನಿಂದ ಪದದ ಕೊನೆಗೆ ಶೂನ್ಯ ಅಗಲದ ಅಕ್ಷರವೊಂದು ನುಸುಳಿದರೆ ಕಣ್ಣಿಗೆ ಅದೇ ಪದ, ಕಂಪೈಲರ್‌ಗೆ ಬೇರೆ. ಹಾಗಾಗಿ ಎರಡು ಪ್ಯಾರಾಮೀಟರ್‌ಗಳ ನಮ್ಮದೇ ಜೆನೆರಿಕ್ (ಬೇರೆ ಟೈಪ್‌ಗಳನ್ನು ತೆಗೆದುಕೊಂಡು ಹೊಸ ಟೈಪ್ ಕೊಡುವ ಅಚ್ಚು) ಬರೆದಾಯಿತು: ಎರಡನೆಯದು ಮೊದಲನೆಯದನ್ನು 'ಎಕ್ಸ್‌ಟೆಂಡ್ಸ್' ಮಾಡಲೇಬೇಕು, ಅಂದರೆ ಅದರೊಳಗಿನದೇ ಆಗಿರಬೇಕು, ಫಲಿತಾಂಶ ಎರಡನೆಯದೇ. ಈಗ 'ಹತಿ' ಎಂದರೆ ಕೆಂಪು ಗೆರೆ.

ಟೈಪ್‌ಗಳು ರನ್‌ಟೈಮ್‌ನಲ್ಲಿ (ಆ್ಯಪ್ ಓಡುವಾಗ) ಉಳಿಯುವುದಿಲ್ಲ. ಡ್ರಾಪ್‌ಡೌನ್ ತುಂಬಲು ಅರೇ (ಸರಕುಗಳ ನಿಜವಾದ ಪಟ್ಟಿ) ಬೇಕೇ ಬೇಕು. ಅದಕ್ಕೆ ಪದಗಳನ್ನು ಇದ್ದಂತೆಯೇ ಟೈಪ್ ಆಗಿ ಹಿಡಿದಿಡುವ 'ಆ್ಯಸ್ ಕಾನ್ಸ್ಟ್' ಜೊತೆ, ಅವು ಆರರೊಳಗಿನವೇ ಎಂದು ಪರೀಕ್ಷಿಸುವ 'ಸ್ಯಾಟಿಸ್ಫೈಸ್' (ಟೈಪ್‌ಸ್ಕ್ರಿಪ್ಟ್ 4.9ರಲ್ಲಿ, 2022ರಲ್ಲಿ ಬಂದದ್ದು) ಹಾಕಿ, ಆ ಅರೇಯಿಂದಲೇ ಟೈಪ್ ತೆಗೆದರೆ ಪಟ್ಟಿ ಎರಡು ಕಡೆ ಬರೆಯುವುದು ತಪ್ಪುತ್ತದೆ. ಆಮೇಲೆ, ಒಂದು ಸರಕು ಅರೇಯಲ್ಲಿದೆಯೇ ಎಂದು ನೋಡುವ 'ಇನ್‌ಕ್ಲೂಡ್ಸ್' ತಕರಾರು ತೆಗೆಯುತ್ತದೆ: ಐದರ ಅರೇಯಲ್ಲಿ ಆರರ ಟೈಪ್ ಹುಡುಕಲು ಬಿಡುವುದಿಲ್ಲ. ಅರೇಯನ್ನು ಆರರ 'ರೀಡ್‌ಓನ್ಲಿ' ಅರೇ ಎಂದು ಮತ್ತೊಂದು ವೇರಿಯಬಲ್‌ಗೆ ಹಾಕಿಕೊಂಡು ಹುಡುಕಬೇಕು. ಇಷ್ಟನ್ನೂ ಒಂದೇ ಟೈಪ್ ಗಾರ್ಡ್‌ನೊಳಗೆ (ಇದು ಚೀಲದ ಸರಕೇ ಎಂದು ಕಂಪೈಲರ್‌ಗೆ ಹೇಳುವ ಫಂಕ್ಷನ್) ಮುಚ್ಚಿಟ್ಟಿದೆ. ಗಾರ್ಡ್ ಒಳಗಿನ ತರ್ಕ ತಿರುಗಾಮುರುಗಾ ಇದ್ದರೂ ಕೈಯಿಂದ ಬರೆದ ಪ್ರೆಡಿಕೇಟನ್ನು (ಗಾರ್ಡ್ ಕೊಡುವ ಆ ಭರವಸೆಯನ್ನು) ಕಂಪೈಲರ್ ನಂಬಿಬಿಡುತ್ತದೆ, ಟೆಸ್ಟ್ ಬೇಕಿರುವುದು ಅಲ್ಲಿಗೇ.

ಚೀಲದ ತೂಕದ ಕೋಷ್ಟಕ ಈಗ 'ರೆಕಾರ್ಡ್' (ಪ್ರತಿ ಸರಕಿಗೂ ಒಂದು ಬೆಲೆ ಇರಲೇಬೇಕೆನ್ನುವ ಟೈಪ್; ಬೆಲೆ ಎಂದರೆ ಇಲ್ಲಿ ತೂಕ): ನೆಲ್ಲು 75 ಕಿಲೋ, ಒಂದು ಸರಕು ಬಿಟ್ಟರೂ ಬಿಲ್ಡ್ ನಿಲ್ಲುತ್ತದೆ.

ಬಾಕಿ: ರಸ್ಟ್ ಭಾಷೆಯಲ್ಲಿರುವ ಸರ್ವರ್. ಅಲ್ಲಿ ಈನಮ್‌ನ ಉಪಗಣ ಭಾಷೆಯಲ್ಲೇ ಇಲ್ಲ. ಐದರ ಈನಮ್ ಬೇರೆ ಬರೆದು, ಆರಕ್ಕೆ ಹೋಗಲು 'ಫ್ರಮ್' (ಎಂದೂ ಸೋಲದ ಪರಿವರ್ತನೆ), ವಾಪಸ್ ಬರಲು 'ಟ್ರೈಫ್ರಮ್' (ಸೋಲಬಹುದಾದದ್ದು) ಕೊಡಬೇಕು. ವಾಪಸ್ ಬರುವ ಮ್ಯಾಚ್‌ನಲ್ಲಿ (ಒಂದೊಂದು ಸರಕಿಗೂ ಏನು ಮಾಡಬೇಕೆಂದು ಬರೆಯುವಲ್ಲಿ) 'ಉಳಿದದ್ದೆಲ್ಲ' ಎನ್ನುವ ಅಂಡರ್‌ಸ್ಕೋರ್ ಹಾಕುವಂತಿಲ್ಲ. ಹಾಕಿದರೆ ಏಳನೇ ಸರಕು ಸೇರಿಸಿದ ದಿನ ಕಂಪೈಲರ್ ಸುಮ್ಮನಿರುತ್ತದೆ.